ಅಮಾನತು

ಪ್ರಧಾನ ಕಚೇರಿಯಿಂದ ಪತ್ರ ಬಂತು: ಮನಾಮಾ ಮುಖ್ಯ ಶಾಖೆ
ತಿಂಗಳ ಕೊನೆಗೆ ಮುಚ್ಚುತ್ತದೆ, ಗೋಡೆಗೊಂದು ಫಲಕ ಬೇಕು,
ಹಳಬರು ನೀವು, ಇನ್ನೂರು ಪದಗಳಲ್ಲಿ ಇತಿಹಾಸ ಬರೆದುಕೊಡಿ.

ಬರೆದೆ. ಬಾಬ್ ಅಲ್ ಬಹ್ರೇನಿನ ಎದುರಿಗೇ ಕಡಲಿತ್ತು ಎಂದು,
ನಾಣ್ಯದ ಪೆಟ್ಟಿಗೆಗಳು ದೋಣಿಯಿಂದಿಳಿದು, ಕತ್ತೆಗಾಡಿ ಏರಿ
ನೇರ ತಿಜೋರಿಗೆ ಬರುತ್ತಿದ್ದವು ಎಂದು.
ಈಗ ಕಡಲು ನೋಡಲು ಟ್ಯಾಕ್ಸಿ ಹಿಡಿಯಬೇಕು
ಎಂಬುದನ್ನು ಬರೆಯಲಿಲ್ಲ; ಪದ ಎಣಿಸುತ್ತಿದ್ದೆ.
ಎಣಿಸುವುದೇ ಅಲ್ಲವೇ ನನ್ನ ಕಸುಬು.

ಹೆಸರು ಹಾಲಿಡೇ, ಆ ಮ್ಯಾನೇಜರ್ ರಜೆ ಕೊಟ್ಟವನಲ್ಲ.
ಬಾಗಿಲಲ್ಲಿ ಬಲೂಚಿ ಪೀರ್ ಬಕ್ಷ್; ಅವನ ಕೋವಿಗೆ ಗುಂಡಿರಲಿಲ್ಲ,
ಹಾಲಿಡೇಗೆ ಬಿಟ್ಟು ಊರಿಗೆಲ್ಲ ಅದು ಗೊತ್ತಿತ್ತು.
ಬದ್ರಿಯಾ ಕೌಂಟರಿಗೆ ಬಂದ ಮೊದಲ ದಿನ
ಹೆಂಗಸು ಎಣಿಸಿದ ದುಡ್ಡೆಂದು ಸಿತ್ರಾದ ಮೀನುಗಾರ
ಅಲ್ಲೇ ನೆಲಕ್ಕೆ ಕೂತು ಮೂರು ಸಲ ಎಣಿಸಿದ.
ಎರಡು ವರ್ಷಕ್ಕೆ, ಮಗಳ ಮದುವೆ ಸಾಲದ ಅರ್ಜಿ ತುಂಬಲು
ಅವನಿಗೆ ಅವಳೇ ಆಗಬೇಕು.

ನಾನು ಪುಂಡಲೀಕ. ಅರಬ್ಬಿಗೆ ಪಕಾರವಿಲ್ಲ.
ಹೆಡ್ ಕ್ಯಾಷಿಯರ್ ಜಾಸಿಮ್ ಸಫ್ಫಾರನ ನಾಲಿಗೆಯಲ್ಲಿ
ಬುಂಡಲಿಕ್ ಆಗಿ, ಸವೆದು ಸವೆದು ಬಂಡಲ್ ಆದೆ.
ಗಂಗೊಳ್ಳಿಯಲ್ಲಿ ಆ ಮಾತಿಗೆ ಅರ್ಥ ಬೇರೆ ಎಂದು ಹೇಳಲಿಲ್ಲ.
ಆದರೆ ಇದು ಬಂಡಲ್ ಅಲ್ಲ, ಕೇಳಿ.

ತೊಂಬತ್ತರ ಆಗಸ್ಟು. ಸೇತುವೆ ದಾಟಿ ಬಂದ ಕುವೈತಿನ ಜನ
ಗಾಜಿಗೆ ಮುಖವೊತ್ತಿ ನಿಂತಿದ್ದರು. ಮೊನ್ನೆಯವರೆಗೆ
ಎಲ್ಲರ ದುಡ್ಡಿಗಿಂತ ತೂಕದ ಅವರ ದಿನಾರಿಗೆ
ನಮ್ಮ ದರಪಟ್ಟಿಯಲ್ಲಿ ಬರೀ ಒಂದು ಗೆರೆ.
ಸಾಲಿನಲ್ಲೊಬ್ಬಳು ಆಯಾ, ಧಣಿಯ ಮಕ್ಕಳೊಟ್ಟಿಗೆ ಬಂದವಳು,
ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ,
ಕರ್ಚೀಫಿನಲ್ಲಿ ಮುನ್ನೂರ ಹನ್ನೊಂದು ದಿನಾರು.
ಆಗುವುದಿಲ್ಲ ಎಂದೆ.
ನಾನೇ ಹೇಳಿದ್ದು. ಕನ್ನಡದಲ್ಲೇ ಹೇಳಿದೆ.

ಜಾಸಿಮ್ ಎದ್ದು ಬಂದ. ಜೇಬಿನಿಂದ ಟಿಕೇಟಿನಷ್ಟು ತೆಗೆದು ಕೊಟ್ಟ.
ಅವಳ ನೋಟುಗಳನ್ನು ಲಕೋಟೆಗೆ ಹಾಕಿ ಮೇಲೆ ಸಹಿ ಮಾಡಿಸಿದ:
ಜೆಸಿಂತ ಕರ್ನೇಲಿಯೊ, ಬೈಂದೂರು.
ಆಮೇಲೆ ಆ ಸಹಿಯನ್ನೇ ನೋಡುತ್ತ ನಿಂತ.
'ಬಂಡಲ್, ಈ ಅಕ್ಷರ ನನಗೆ ಗೊತ್ತು.
ದಿನಾರಿಗೆ ಮುಂಚೆ ಇಲ್ಲಿ ನಡೆಯುತ್ತಿದ್ದುದು ನಿಮ್ಮ ರೂಪಾಯಿ.
ತಾಮ್ರ ಬಡಿದು ಅಪ್ಪ ತಂದ ಕೆಂಪು ಹತ್ತರ ನೋಟಿನಲ್ಲಿ
ಏನೇನೋ ಲಿಪಿ. ಓದು ಬಾರದ ನಾನು
ಈ ದುಂಡನೆಯದನ್ನು ಬೆರಳಲ್ಲಿ ತಿದ್ದುತ್ತಿದ್ದೆ,
ದುಡ್ಡು ಎಂಬುದನ್ನು ಹೀಗೇ ಬರೆಯುತ್ತಾರೆ ಅಂದುಕೊಂಡು.'

ಲಕೋಟೆ ತಿಜೋರಿಯ ಮೇಲಿನ ಹಲಗೆ ಸೇರಿತು.
ಲೆಡ್ಜರಿನಲ್ಲಿ ನಮೂದಿಲ್ಲ.
ಯುದ್ಧ ಮುಗಿದು, ಹಳೇ ನೋಟು ಬದಲಿಸುವ ಗಡುವು ಬಂತು, ಹೋಯಿತು.
ಬೈಂದೂರಿಗೆ ಎರಡು ಕಾಗದ ಹಾಕಿದೆ, ಒಂದು ಮರಳಿ ಬಂತು.
ಮೂರನೆಯದು ಹಾಕಬಹುದಿತ್ತು.
ನಾವೇ ಬದಲಿಸೋಣ ಎಂದರೆ ಜಾಸಿಮ್ ಮುಟ್ಟಲೊಲ್ಲ: 'ಅಮಾನತ್.'
ಒಪ್ಪಿಸಿ ಹೋದದ್ದು, ಹಾಗೇ ಇರಬೇಕು.
ನಮ್ಮ ಕಡೆ ಅಮಾನತು ಎಂದರೆ
ತಪ್ಪು ಮಾಡಿದವನನ್ನು ಹೊರಗೆ ನಿಲ್ಲಿಸುವುದೂ ಹೌದು.

ಜಾಸಿಮ್ ತೀರಿ ಒಂಬತ್ತು ವರ್ಷ. ಇಲ್ಲಿ ಕಾಫಿ ಅಂಗಡಿ ಬರುತ್ತದಂತೆ,
ತಿಜೋರಿಯ ಬಾಗಿಲು ಕೀಳಲಾಗದಷ್ಟು ಭಾರ,
ಅಲಂಕಾರಕ್ಕೆ ಉಳಿಸಿಕೊಳ್ಳುತ್ತಾರಂತೆ.
ಕೊನೆಯ ದಿನ ಆಡಿಟಿನ ಹುಡುಗಿ ಲಕೋಟೆ ಎತ್ತಿ ಹಿಡಿದು
'ಇದು ದುಡ್ಡೇ?' ಎಂದಳು.
'ಅಲ್ಲ' ಎಂದೆ. ಬುಟ್ಟಿಗೆ ಹಾಕಿ ಮುಂದಿನ ಹಲಗೆಗೆ ಹೋದಳು.

ಮೂವತ್ತೇಳು ವರ್ಷ ಒಂದು ಫಿಲ್ಸ್ ಹೆಚ್ಚು ಕಡಿಮೆಯಾಗದೆ
ಲೆಕ್ಕ ಒಪ್ಪಿಸಿದವನು
ಬುಟ್ಟಿಗೆ ಬಗ್ಗಿದೆ, ಅಂಗಿಯೊಳಗೆ ಅಡಗಿಸಿಟ್ಟೆ,
ಪೀರ್ ಬಕ್ಷ್ ಇಲ್ಲದ ಬಾಗಿಲಿನಿಂದ ಹೊರಬಿದ್ದೆ.
ಟ್ಯಾಕ್ಸಿಯಲ್ಲಿ ಕೂತು ಎಣಿಸಿದೆ. ಮುನ್ನೂರ ಹನ್ನೊಂದು.
ಇನ್ನೊಮ್ಮೆ ಎಣಿಸಿದೆ.