ಕಿಟಕಿಯಿರುವ ಎಂಜಿನ್

ನನ್ನ ಕೆಲಸ ಕಿಟಕಿ ಒರೆಸುವುದು.
ಗ್ರಾಟ್ಸ್ ಊರಲ್ಲಿ, ಮುರ್ ನದಿಯ ಈಚೆ ದಡದಲ್ಲಿ,
ನೆಲಮಾಳಿಗೆಯ ಎರಡನೆಯ ಕೋಣೆಯಲ್ಲಿ
ಒಂದು ಎಂಜಿನ್ನಿಗೆ ಕಿಟಕಿಯಿದೆ.
ಉಕ್ಕಿನ ಬದಲು ಸ್ಫಟಿಕದ ಬಳೆ,
ಪಿಸ್ಟನ್ನಿನ ನೆತ್ತಿಗೂ ಗಾಜು, ಗಾಜಿನಡಿ ಓರೆಗನ್ನಡಿ.
ಎಲ್ಲಿಗೂ ಹೋಗದ ಎಂಜಿನ್ನು.
ಒಂದು ನಿಮಿಷ ಓಡುತ್ತದೆ,
ಆಮೇಲೆ ನಾನು ಬೇಕು.

ಕವಾಟ ಸರಿದಾಗ ಗಾಳಿ ಓರೆಯಾಗಿ ನುಗ್ಗಿ
ಎದುರುಗೋಡೆ ಹಿಡಿದಿಳಿದು, ಪಿಸ್ಟನ್ನಿನ ಮೇಲೆ ಹೊರಳಿ,
ಮತ್ತೆ ಏರಿ, ಲಾಗ ಹಾಕುತ್ತದೆ.
ಪೆಟ್ರೋಲು ಬರುವುದು ಆರು ತೂತುಗಳಿಂದ,
ಒಂದು ಕೂದಲು, ಹೆಚ್ಚೆಂದರೆ ಎರಡು, ತೂರುವಷ್ಟು ತೂತು.
ಒಂದು ಗ್ರಾಂ ಅದಕ್ಕೆ ಹದಿನೈದು ಗ್ರಾಂ ಗಾಳಿ.
ಇಬ್ಬರಿಗೂ ಕೊಟ್ಟ ಹೊತ್ತು
ರೆಪ್ಪೆ ಬಡಿಯುವುದರಲ್ಲಿ ಮೂರನೆಯ ಒಂದು ಪಾಲು.
ಅಷ್ಟರಲ್ಲೇ ಹನಿ ಹರಿದು ಚೂರಾಗಿ, ಚೂರು ಆವಿಯಾಗಿ,
ದೊಡ್ಡ ಸುಳಿ ಒಡೆದು ಚಿಕ್ಕವಾಗಿ, ಚಿಕ್ಕವು ಇನ್ನೂ ಚಿಕ್ಕವಾಗಿ,
ಯಾವುದು ಯಾರೆಂದು ತಿಳಿಯದಂತಾಗಬೇಕು.
ಆಗ ಕಿಡಿ.

ಯಾದ್ರಾಂಕಾ ಹೊಸಬಳು.
ಮೊದಲ ದಿನ ಬರೀ ಐಸೊಆಕ್ಟೇನ್ ಸುರಿದು ಲೇಸರ್ ಹಾಯಿಸಿದಳು.
ತೆರೆಯ ಮೇಲೆ ಕತ್ತಲೆ.
ಶುದ್ಧವಾದದ್ದು ಹೊಳೆಯುವುದಿಲ್ಲ, ಅಂದೆ.
ಗೊತ್ತು, ಅಂದಳು,
ಕಾಣದಿರುವುದು ಹೇಗಿರುತ್ತದೆಂದು ಮೊದಲು ನೋಡಬೇಕಿತ್ತು.
ಮರುದಿನ ಹತ್ತಕ್ಕೊಂದು ಪಾಲು ಪೆಂಟನೋನ್ ಬೆರೆಸಿದಳು.
ಕೋಣೆ ತುಂಬ ಉಗುರುಬಣ್ಣ ಅಳಿಸುವ ವಾಸನೆ.
ಹಾಳೆಯಂತೆ ತೆಳ್ಳಗೆ ಬೆಳಕು ಒಳಹೊಕ್ಕು,
ಕತ್ತಲಲ್ಲಿ ಆರು ನೀಲಿ ಗರಿ
ಬಿಚ್ಚಿದವು, ಬಾಗಿದವು, ಗಾಳಿ ಅವನ್ನು ಎಳೆದುಕೊಂಡು ಹೋಯಿತು.
ಮೂವತ್ತೊಂದು ವರ್ಷ ನೋಡಿದ್ದೇನೆ.
ಆದರೂ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದೆ.

ಹದಿನಾರು ದಿನ.
ಮುನ್ನೂರು ಸುತ್ತುಗಳ ಚಿತ್ರ ತೆಗೆದು ಸರಾಸರಿ ಕಟ್ಟಿದಳು.
ಸರಾಸರಿಯಲ್ಲಿ ಎಲ್ಲವೂ ಚೆನ್ನಾಗಿ ಬೆರೆತಿತ್ತು.
ಮಸಿ ಮಾತ್ರ ಎಣಿಕೆಗೆ ಸಿಗದೆ ಏರುತ್ತಿತ್ತು.

ನನ್ನ ಬಟ್ಟೆಯಲ್ಲಿ ಅದು ದಿನವೂ ಒಂದೇ ಜಾಗದಲ್ಲಿ:
ಎಡಕ್ಕೆ, ಹೊರಕವಾಟದ ಕೆಳಗೆ,
ಕುಂಬಳಬೀಜದಷ್ಟು ಕಪ್ಪು.

ಊಟದ ಹೊತ್ತಿಗೆ ಹುರುಳಿಕಾಯಿ ಸಲಾಡು,
ವಿನಿಗರಿನ ಮೇಲೆ ಕುಂಬಳಬೀಜದ ಎಣ್ಣೆ,
ಹಸಿರೋ ಕಪ್ಪೋ ಹೇಳಲಾಗದ ದುಂಡು ದುಂಡು ಬಿಲ್ಲೆ.
ಫೋರ್ಕಿನಿಂದ ಕಲಕಿದಳು, ಸೇರಿದಂತೆ ಮಾಡಿದವು,
ಕೈ ನಿಂತದ್ದೇ ತಡ ಬೇರೆಯಾದವು.
ಜೇಬಿನಿಂದ ಬಟ್ಟೆ ತೆಗೆದು ತಟ್ಟೆಯ ಪಕ್ಕ ಬಿಡಿಸಿಟ್ಟೆ.
ಬಹಳ ಹೊತ್ತು ನೋಡಿದಳು.
ಯಾಕೆ ಹೇಳಲಿಲ್ಲ?
ಸಂಬಳ ಒರೆಸುವುದಕ್ಕೆ, ಅಂದೆ.
ಅದು ಸುಳ್ಳು. ಯಾರೂ ಕೇಳಿರಲಿಲ್ಲ.

ಆ ಒಂದು ಗರಿ ಅವಸರದ್ದು.
ಪಿಸ್ಟನ್ನು ಇನ್ನೂ ಹಿಂದೆ ಸರಿದಿರುವುದಿಲ್ಲ, ಆಗಲೇ ಎರಗುತ್ತದೆ.
ಗಾಜು ಒದ್ದೆ. ಗಾಳಿಗೆ ಸಿಗಬೇಕಾದದ್ದು
ಲೋಹಕ್ಕೆ ಅಂಟಿ, ಕಿಡಿ ಹೋದ ಮೇಲೂ
ಹಳದಿಯಾಗಿ, ಒಬ್ಬಂಟಿಯಾಗಿ, ಉರಿಯುತ್ತದೆ.

ಇಪ್ಪತ್ತು ಡಿಗ್ರಿ ತಡ ಮಾಡೋಣ, ಅಂದಳು.
ಮಾಡಿದರೆ ಬೆರೆಯಲು ಹೊತ್ತು ಸಾಲದು, ಅಂದೆ.
ಎರಡು ಗುಟುಕಾಗಿ ಕೊಡೋಣ.
ಕೊಟ್ಟೆವು. ಕೆಟ್ಟಿತು.
ಹದಿನಾಲ್ಕು ಡಿಗ್ರಿ. ಹನ್ನೆರಡು.
ಸಂಜೆಯಾದದ್ದು ಕಾರಿಡಾರಿನ ದೀಪ ಹತ್ತಿದಾಗಲೇ ತಿಳಿದದ್ದು.

ಕೊನೆಯ ಓಟದ ಬಟ್ಟೆ ಬೆಳ್ಳಗಿತ್ತು,
ಅಂಚಿಗೆ ಒಂದಿಷ್ಟು ಬೂದು.
ಅವಳು ಅದನ್ನು ಮಡಚಿ ತನ್ನ ಟಿಪ್ಪಣಿ ಪುಸ್ತಕದೊಳಗಿಟ್ಟಳು,
ನನಗೆ ಹೊಸತೊಂದು ಕೊಟ್ಟಳು.
ಇನ್ನು ಒರೆಸುವುದಕ್ಕೇನಿದೆ, ಅಂತ ಕೇಳಬೇಕೆನಿಸಿತು.
ಕೇಳದೆ ಕೋಟು ಹಾಕಿಕೊಂಡೆ.

ಮೇಲೆ ಬೀದಿಯಲ್ಲಿ ಹಿಮ ಕಟ್ಟಿತ್ತು.
ಯಾರದೋ ಕಾರು ಚಳಿಗೆ ಎರಡು ಸಲ ಕೆಮ್ಮಿ,
ಹಿಂದೆ ಒಂದು ಸಣ್ಣ ಕಪ್ಪು ಬಿಟ್ಟು, ಹೊರಟುಹೋಯಿತು.
ಅದಕ್ಕೆ ಕಿಟಕಿಯಿರಲಿಲ್ಲ.