ಹೊಳಿಗೆ ಮಾರಿ

ನಾವು ಬಂದದ್ದು ಹಿತ್ತಲದಿಂದ.
ಶಿವೊಲಿಯೊಳಗ ಬಸ್ಸು ಇಳದು, ಹುಣಸಿ ಗಿಡ ದಾಟಿ,
ಹಂದಿ ದೊಡ್ಡಿ, ಅಡಗಿಮನಿ, ಪಾಚಿಗಟ್ಟಿದ ಬಾವಿ.
ಇದ ಅರಮನಿ ಅಂದ್ರು. ನಗು ಬಂತು ನನಗ.
"ಇದರ ಮಾರಿ ಎಲ್ಲೈತಿ?" ಅಂದೆ.
ಬೊಸ್ತ್ಯಾಂವ್ ಕೀಲಿಗೊಂಚಲ ಹೊಳಿ ಕಡೆ ಎತ್ತಿದ.

ಆವಾಗ ಮಂದಿ ಬರತಿದ್ದದ್ದು ದೋಣಿಯೊಳಗಂತ.
ಜರಿಟೊಪ್ಪಿಗಿ ಸಾಹೇಬರು, ಪಾದ್ರಿಗಳು, ಸಾಲಾ ಕೇಳಾವರು,
ಏಳು ಮೆಟ್ಟಲಾ ಹತ್ತಿ, ಆರು ಕಂಬದ ನಡುವ ನಿಂತು,
ಹೆಸರು ಹೇಳಿ ಒಳಗ ಹೋಗಬೇಕು.
ಆಮ್ಯಾಲ ಸೇತುವಿ ಆತು, ರಸ್ತೆ ಬೆನ್ನ ಹಿಂದ ಬಂತು.
ಮನಿ ಹೆಂಗ ತಿರುಗತೈತಿ?
ಫೋಟೊದಾಂವ ಎದ್ದು ಹೋದದ್ದು ತಿಳೀದ ಮುದುಕಿಯಂಗ
ಗದ್ದ ಎತ್ತಿ ಹಂಗ ಕುಂತೈತಿ,
ಶಾಪೋರಾ ಹೊಳಿ ನೋಡಕೋತ.

ನನ್ನೂರು ಗುಳೇದಗುಡ್ಡದ ಕಡೆ. ಅಲ್ಲಿ ಕಲ್ಲು ಅಂದ್ರ ಕಲ್ಲು,
ಬಡದ್ರ ಕಿಡಿ, ಕುಂತ್ರ ಕಾವು.
ಇಲ್ಲಿದು ಜಂಬಿಟ್ಟಿಗಿ, ಇರಿವಿ ತಿಂದ ಬೆಲ್ಲದಂಗ ತೂತು ತೂತು.
ಅದರ ಮ್ಯಾಲ ಚಿಪ್ಪಿ ಸುಟ್ಟ ಸುಣ್ಣ, ಬೆಲ್ಲದ ನೀರು,
ತಿಕ್ಕಿ ತಿಕ್ಕಿ ಅಮೃತಶಿಲಾ ಅನ್ನಿಸ್ಯಾರ.
ದೂರದ ದೋಣಿಗೆ ಸುಳ್ಳು ತಿಳಿಯೂದಿಲ್ಲ.
ಹತ್ತರ ಬಂದಾವರಿಗೆ ತಿಳದ್ರೂ
ಸಾಲಾ ಕೇಳಾಕ ಬಂದಾವರು ಏನಂದಾರು?

ಕಟ್ಟಿಸಿದಾಂವ ಒಬ್ಬ ನ್ಯಾಯಾಧೀಶ, ಫೆಲಿಸ್ಬೆರ್ತು.
ಹಡಗದಾಗ ಪುಸ್ತಕ ತರಿಸಿದ್ನಂತ, ಬರೇ ಗೀಟಿನ ಚಿತ್ರದ್ದು:
ಮುಕ್ಕೋನಿ ಹಣಿ, ಕೆಳಗ ಕಂಬದ ಸಾಲು,
ಎಡಕ್ಕೊಂದು ಕಿಟಕಿ ಇದ್ರ ಬಲಕ್ಕೊಂದು.
ಬಲಕ್ಕ ದೇವರ ಖೋಲಿ ಬಂತು, ಅಲ್ಲಿ ಕಿಟಕಿ ಬ್ಯಾಡ.
ಆದ್ರ ಲೆಕ್ಕ ತಪ್ಪಬಾರದಲ್ಲ?
ಹೊರಗ ಚೌಕಟ್ಟು, ಚಿಪ್ಪಿನ ಕದ,
ಹಿಂದ ಮೂರು ಫೂಟು ಗ್ವಾಡಿ.
ಹುಟ್ಟಿದಾಗಿಂದ ತೆರೀದ ಆ ಕಿಟಕಿಗೂ
ನಾ ಸುಣ್ಣಾ ಹಚ್ಚೀನಿ.

ಕಂಬ ಕೆರದ್ರ ಬಿಳಿ ಕೆಳಗ ಕಾವಿ,
ಕಾವಿ ಕೆಳಗ ನೀಲಿ, ನೀಲಿ ಕೆಳಗ ಹಳದಿ.
"ಲಗ್ನಕ್ಕೊಂದು ಬಣ್ಣ" ಅಂದ ಬೊಸ್ತ್ಯಾಂವ್,
"ನೀಲಿ ದೊನಾ ಎರ್ಮೆಲಿಂದಾಂದು."
ಕಾವಿ ಮುಂದಿನ ಅರ್ಧಕ್ಕಷ್ಟ ಬಳದಾರ.
ಆ ಲಗ್ನಕ್ಕ ರೊಕ್ಕ ಸಾಲಲಿಲ್ಲ ಕಾಣತೈತಿ.

ಮೂರನೇ ಕಂಬದ ತಲಿಮ್ಯಾಲ ಒಂದು ಎಲಿ ಮುರದಿತ್ತು.
ಇಂಜಿನಿಯರ ವೃಷಾಲಿ ಮೊಬೈಲಿನಾಗ ತೋರಿಸಿದಳು:
ಗ್ರೀಕರ ಎಲಿ, ನೋಡಿ ಮಾಡ್ರಿ.
ಅದು ನುಣ್ಣಗ, ಅಗಲಕ, ತುದಿ ಬಾಗಿ
ಸಾಲಿ ಕಲತಂಗಿತ್ತು.
ನಮ್ಮ ಕಂಬದ್ದು ಹಂಗಿಲ್ಲ. ಅಂಚಿಗೆ ಮುಳ್ಳು ಅದಾವ.
ಗಾರೆಯೊಳಗ ಸುಮ್ಮಸುಮ್ಮನ ಯಾರು ಮುಳ್ಳು ಮಾಡತಾರ?

ಸಂಜಿಗೆ ಭರತಿ ಇಳದಿತ್ತು. ಕೈ ತೊಳಿಯಾಕ
ಏಳನೇ ಮೆಟ್ಟಲಾ ದಾಟಿ ರಾಡಿಯೊಳಗ ಇಳದೆ.
ಹಿಮ್ಮಡಕ್ಕ ಚುಚ್ಚಿತು.
ನೀಲಿ ಹೂವಾ. ಬಿರಸ ಎಲಿ.
ಅಂಚಿಗೆಲ್ಲ ಅದ ಮುಳ್ಳು.
"ಹೊಳೆಚುಳ್ಳಿ ಮಾರಾಯ್ತಿ, ನೋಡ್ಕೊಂಡು ಕಾಲಿಡು"
ಅಂದ ಕುಮಟಾ ಕಡೆಯ ಏಡಿ ಹಿಡಿಯಾಂವ.

ಮುರಕೊಂಡು ಹೋಗಿ ವೃಷಾಲಿಗೆ ಕೊಟ್ಟೆ.
ಆಕಿ ಎಲಿ ನೋಡಿದಳು, ಕಂಬ ನೋಡಿದಳು, ಮೊಬೈಲ ನೋಡಿದಳು.
"ಅದ ಕುಲ," ಅಂದಳು, "ಗ್ರೀಕರದರ ತಂಗಿ."
ಪುಸ್ತಕದ ಆ ಹಾಳಿ ಗೆದ್ದಲಾ ತಿಂದಿತ್ತೋ ಏನೋ,
ಗಾರೆಯಾಂವಗ ಗೀಟು ತಿಳೀಲಿಲ್ಲೋ,
ಅಂವನೂ ಕೈ ತೊಳಿಯಾಕ ಇಳದಿರಬೇಕು.
ಹಳೇ ವಹಿಯೊಳಗ ಅಂವನ ಹೆಸರಿಲ್ಲ.
ಸುಣ್ಣದ ರೇಟು ಐತಿ, ಬೆಲ್ಲದ್ದು ಐತಿ.

ಮುಳ್ಳು ಎಣಿಸಿ ಮಾಡಿದೆ ನಾ. ನಾಕು ದಿನಾ ಹಿಡೀತು.
ಕೆಳಗ ನಿಂತ್ರ ಕಾಣೂದಿಲ್ಲ,
ದೋಣಿಯಿಂದ ಅಂತೂ ಇಲ್ಲ.
ಬಿಲ್ಲಿನಾಗ ಬರದಾರ: ಎಲಿ, ಒಂದು.
ಹಿಮ್ಮಡ ಇನ್ನೂ ಚುಳುಕ್ ಅಂತೈತಿ,
ಮೆಟ್ಟಲಾ ಇಳಿಯೂವಾಗ.