ಸೊನ್ನೆ ಪಾಯಿಂಟ್ ಎರಡೆರಡು

ಹಾಸನದ ಪ್ರಾಣಿಮನೆಯಲ್ಲಿ ಬೆಳಿಗ್ಗೆ ಆರಕ್ಕೆ
ಹುಲ್ಲಿನ ವಾಸನೆ, ಫಿನಾಯಿಲ್ ವಾಸನೆ,
ಒಂದಕ್ಕೊಂದು ಸೋಲದೆ ನಿಂತಿರುತ್ತವೆ.
ಹದಿನಾಲ್ಕನೇ ನಂಬರಿನ ಕುರಿ
ಬೋಳಿಸಿದ ಬೆನ್ನಿನ ಚಳಿಯಲ್ಲಿ
ನನ್ನನ್ನೇ ನೋಡುತ್ತದೆ.

ಚಿಮಟದ ತುದಿಯಲ್ಲಿ ಹುಣಸೆಬೀಜದಷ್ಟು ಬಿಲ್ಲೆ.
ಮುಂದೆ ಯಾರದೋ ಮುರಿದ ಮೂಳೆಗೆ ಆಸರೆಯಾಗಬಹುದು,
ಆಗದೆಯೂ ಇರಬಹುದು.
ಮೈಯ ನೀರಿಗೇ ಕರಗುತ್ತದೋ
ಜೀವಕಣ ಹತ್ತಿ ಕೂತು ಕರಗಿಸುತ್ತದೋ,
ತಿಳಿಯಬೇಕಾದ್ದು ಇಷ್ಟೇ.

ಅದಕ್ಕೇ ಈ ಉಂಗುರ, ಎರಡೂ ಕಡೆ ಬಿಗಿದ ಜರಡಿ.
ಕಣ್ಣಿಗೆ ಬರಿ ಬಿಳಿ ಕಾಗದ.
ತೂತಿನ ಅಳತೆ ಸೊನ್ನೆ ಪಾಯಿಂಟ್ ಎರಡೆರಡು ಮೈಕ್ರಾನ್:
ನೀರು ದಾಟುತ್ತದೆ, ಉಪ್ಪು ದಾಟುತ್ತದೆ,
ಬ್ಯಾಕ್ಟೀರಿಯಾ ಹೊರಗೆ,
ಜೀವಕಣವೂ ಹೊರಗೇ.

ಕುರಿಯ ಕತ್ತು ಹಿಡಿದ ಹುಚ್ಚಯ್ಯ ಕೇಳುತ್ತಾನೆ:
"ಒಳೀಕ್ ಹೋದ್ಮೇಲೆ ಮೈ ಸುಮ್ಕಿರ್ತದಾ ಮೇಡಮ್ಮೋರೆ?
ಮುಟ್ಟೇ ಮುಟ್ತದೆ ಬುಡಿ."
ನಾನು ಉತ್ತರಿಸುವುದಿಲ್ಲ.
ಅಂಚಿಗೆ ಅಂಟು ಸವರುತ್ತಿದ್ದೇನೆ
ಕೂದಲೆಳೆ ಬಿರುಕೂ ಉಳಿಯದ ಹಾಗೆ.

ಹೊಳೆನರಸೀಪುರದ ಕಡೆ, ಗೌಡರ ಕಣ ಗುಡಿಸಿ ದಣಿದು
ನಮ್ಮಜ್ಜಿ ಬೊಗಸೆ ಒಡ್ಡುತ್ತಿದ್ದಳಂತೆ.
ಮೇಲಿಂದ ಹೊಯ್ಯುತ್ತಿದ್ದರಂತೆ.
ತಂಬಿಗೆಗೂ ಬೊಗಸೆಗೂ ನಡುವೆ ಮೊಳದಷ್ಟು ಗಾಳಿ.
ನೀರು ದಾಟುತ್ತಿತ್ತು.
ಆ ಅಳತೆಯನ್ನು ಯಾರೂ ಬರೆದಿಟ್ಟಿರಲಿಲ್ಲ,
ಒಂದು ದಿನವೂ ತಪ್ಪಿದ್ದಿಲ್ಲ.

ನನ್ನ ಅಳತೆ ರಿಜಿಸ್ಟರಿನಲ್ಲಿದೆ, ನನ್ನ ಸಹಿಯೊಂದಿಗೆ:
ಹನ್ನೆರಡು ವಾರ, ಆಮೇಲೆ ಬಿಚ್ಚತಕ್ಕದ್ದು.
ಪಕ್ಕದಲ್ಲಿ ಇನ್ನೊಂದು ಬಿಲ್ಲೆ, ಜರಡಿಯಿಲ್ಲದ್ದು,
ಹೋಲಿಸಿ ನೋಡಲು.

ಹನ್ನೆರಡು ವಾರ ಕಳೆಯಿತು.
ಹೊಲಿಗೆಯ ಗೆರೆಯ ಮೇಲೆ ಉಣ್ಣೆ ಮತ್ತೆ ಬೆಳೆದಿತ್ತು,
ಮತ್ತೆ ಬೋಳಿಸಿದೆವು.
ಜರಡಿಯೊಳಗಿನದು ಇಟ್ಟ ಹಾಗೇ ಇತ್ತು.
ಅಂಚು ಕೊಂಚ ಮಸುಕು, ತೂಕ ಎರಡು ಮಿಲಿಗ್ರಾಂ ಕಡಿಮೆ.
ಇನ್ನೊಂದು, ಹುಡುಕಿದರೆ ಅರ್ಧವೂ ಸಿಗಲಿಲ್ಲ.
ಉಳಿದ ಚೂರಿಗೆ ಮೈ ತೆಳ್ಳನೆ ಪೊರೆ ಹೊದಿಸಿತ್ತು,
ಪೊರೆಯೊಳಗೆ ದಾರದಂಥ ಹೊಸ ರಕ್ತನಾಳ
ಎಲ್ಲಿಂದಲೋ ದಾರಿ ಕೇಳಿಕೊಂಡು ಬಂದಿತ್ತು.

ಕಾರಣ ಎಂಬ ಕಾಲಮಿನಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬರೆದೆ: ಸ್ಪರ್ಶ.
"ನಾನ್ ಅವತ್ತೇ ಅಂದಿರ್ನಿಲ್ವಾ" ಎಂದ ಹುಚ್ಚಯ್ಯ,
ಬಕೆಟ್ಟು ಎತ್ತಿಕೊಳ್ಳುತ್ತ.

ಸಂಜೆ ಮಂಪರು ಇಳಿದ ಹದಿನಾಲ್ಕು
ತಲೆಯೆತ್ತಿ, ಕೈಗವಸು ಕಳಚಿದ ನನ್ನ ಬೆರಳ
ಉಪ್ಪು ನೆಕ್ಕಿತು.
ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು, ನಿಯಮ.
ತೊಳೆದೆ,
ಒಂದೈದು ನಿಮಿಷ ತಡವಾಗಿ.